ಹಲ್ಲಿನ ಟಾಯರು

ಸೊಲ್ಲಾಪುರ ರಸ್ತೆಯ ಟಾಯರಿನ ಅಂಗಡಿಯಲ್ಲಿ ಸೈಕಲ್ಲಿನ ಪಂಕ್ಚರ್ ಹಾಕಿಸಲು ಕೂತಿದ್ದ ಸಿದ್ದರಾಯ ಮಾಸ್ತರರಿಗೆ ಪಕ್ಕದ ವಾದ ಮೊದಮೊದಲು ರುಚಿಸಿತು. ಪಂಡಿತರೂ ಇಷ್ಟು ಹಠ ಹಿಡಿಯುವುದಿಲ್ಲ ಎಂದುಕೊಂಡರು. ವಾದಿಗಳು ಬುಡ್ಡೇಸಾಬ ಮತ್ತು ಅವನ ತಮ್ಮ ಫಕ್ರುದ್ದೀನ. ಇಬ್ಬರಿಗೂ ಸೇರಿ ಒಂದೇ ಲಾರಿ.

“ಡಾಂಬರಿನ ಮ್ಯಾಲ ಓಡೂ ಗಾಡಿಗಿ ಗೆರಿ ಟಾಯರ ಬೇಕು,” ಎಂದ ಅಣ್ಣ. “ದಪ್ಪ ಹಲ್ಲಿನವು ದಸರಾ ಮುಟ್ಟೂದರಾಗ ನಿಮ್ಮ ಮಾವನ ತಲಿಯಂಗ ಬೋಳಾಗತಾವ.”

“ಆಗಲಿ. ಮಮದಾಪುರದ ಎರಿ ಮಣ್ಣಾಗ ಗೆರಿ ಟಾಯರ ನಿಂತಲ್ಲೇ ತಿರಗತಾವ.”

“ಮಮದಾಪುರದಾಗ ನಮ್ಮ ಮಾಲು ಏನೈತಿ ಲೇ?”

“ನನ್ನ ಹೇಣ್ತಿ ಅದಾಳ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕಂತ ಅಬೇದಾನ್ನ ಕಳಿಸಿದಾಂವ ನೀನಽ. ಮಳಿಯಾಗ ಬ್ಯಾನಿ ಶುರು ಆದರ ದವಾಖಾನಿಗಿ ಹೆಂಗ ತರಲಿ?”

ಮಾಸ್ತರರ ಮುಖದ ನಗೆ ಇಳಿಯಿತು. ಬುಡ್ಡೇಸಾಬ ಸಣ್ಣ ದನಿಯಲ್ಲಿ ಹೇಳಿದ, “ಹೋದ ಮಳಿಗಾಲ ಅಕ್ಕ ಹುಸೇನಬಿನ್ನ ಹೆರಿಗಿಗಿ ದವಾಖಾನಿಗಿ ತರೂ ಮುಂದ ಲಾರಿ ಎರಿಯಾಗ ಹೂತಿತ್ತಲ್ಲ. ಕೂಸು ಲಾರ್ಯಾಗಽ ಹೋತು. ಅವತ್ತ ಯಾವ ಟಾಯರ ಇದ್ದುವು?”

ಫಕ್ರುದ್ದೀನ ನೆಲ ನೋಡಿದ. “ಹಲ್ಲಿನವು.”

“ಎರಿ ಮೆತ್ತಿದರ ಎಲ್ಲಾ ಟಾಯರ ಒಂದಽ. ನಡಿ, ಮಳಿ ಬರೂದರೊಳಗ ಆಕೀನ್ನ ಕರಕೊಂಡು ಬರೂಣು.”

“ಪದ್ಧತಿ ಬಿಟ್ಟು? ಆಕಿ ಅವ್ವ ಮಾಸುಮಬಿ ಬಾಗಲಾಗ ಅಡ್ಡ ನಿಂತರ?”

“ನಿಂತರ ಆಕೀನ್ನೂ ಲಾರಿ ಹತ್ತಸೂಣು.”

ಅಂಗಡಿಯವ ಹೊಸ ಟಾಯರನ್ನು ಉರುಳಿಸಿಕೊಂಡು ಬರುವಷ್ಟರಲ್ಲಿ ಲಾರಿ ಹಳೆಯವುಗಳ ಮೇಲೆಯೇ ಬಬಲೇಶ್ವರದ ದಾರಿ ಹಿಡಿದು ಮಮದಾಪುರಕ್ಕೆ ಹೊರಟಿತ್ತು. ಆ ದಿಕ್ಕಿನಲ್ಲಿ ಮುಗಿಲು ಆಗಲೇ ಕಪ್ಪಾಗಿತ್ತು.