ಹುಲ್ಲು ತುಂಬಿದ ಕರು

ಕನ್ನಡ ನಾಡು ಒಂದಾದ ವರ್ಷ. ಲಕ್ಷ್ಮೇಶ್ವರದಲ್ಲಿ ಗದಗಿನ ಬಸ್ಸಿಗಾಗಿ ಕಾಯುತ್ತ ಅಂದಾನಪ್ಪನವರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಹೆಂಡತಿ ತೀರಿದ ಮೇಲೆ ಅವರಿಗೆ ಅದೊಂದೇ ಆಸರೆ. ಪಕ್ಕದಲ್ಲಿ ಫಕೀರವ್ವ, ಅಮೀನಬಿ ಎಂಬ ಪರಸ್ಪರ ನೆರೆಮನೆಯವರಾದ ಹೆಂಗಸರಿಬ್ಬರು ಬಂದು ಕುಳಿತರು. ಫಕೀರವ್ವನ ತೊಡೆಯ ಮೇಲೆ, ಸತ್ತ ಎಮ್ಮೆಗರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದ ಬೊಂಬೆಯಿತ್ತು.

"ಹೊಸಾ ಹೊಲಿಗಿ ಗಟ್ಟಿ ಐತಿಲ್ಲಬೇ, ಫಕೀರವ್ವ?"

"ಐತಿ. ಹಳೇದನ್ನ ಎಮ್ಮಿ ನೆಕ್ಕಿ ನೆಕ್ಕಿ ಬಿಚ್ಚಿತ್ತು. ಇದನ್ನ ಮುಂದ ನಿಲ್ಲಿಸಿದರ, ತನ್ನ ಕರಾನ ಅಂತ ತಿಳದು ಹಾಲು ಇಳಸತೈತಿ."

"ಆತಲ್ಲ ಮತ್ತ. ಮಾರಿ ಯಾಕ ಸಣ್ಣ ಮಾಡೀ?"

"ನನ್ನ ಮಗ ಹೋದಾಗ ಓಣಿ ಮಂದಿ ನನ್ನ ಅಳಾಕ ಬಿಟ್ಟರು. ನಾ ಎಮ್ಮೀನ ಅಳಾಕೂ ಬಿಡಲಿಲ್ಲ. ಒದರಾಕ ಹತ್ತಿತ್ತು, ಇದನ್ನ ನೋಡಿ ಸುಮ್ಮನಾತು."

"ಹುಚ್ಚಿ! ಮನಷ್ಯಾರ ದುಃಖ ಬ್ಯಾರೆ. ದನಾ ನಾಕ ದಿನಕ್ಕ ಮರೀತಾವ."

"ಮರಿಯಾಕ ಬಿಟ್ಟರಲ್ಲ? ಮುಂಜಾನಿ, ಸಂಜಿಕ ನಾನ ನೆಪ್ಪ ಮಾಡಿಕೊಡತೀನಿ."

"ಹಂಗಾರ ಒಗದುಬಿಡು ಇದನ್ನ."

"ಮಗಳ ಎದಿಯಾಗ ಹಾಲಿಲ್ಲ. ಮೊಮ್ಮಗಗ ಏನು ಕುಡಸಲಿ?"

ಅಂದಾನಪ್ಪನವರ ಜಪ ನಿಂತುಹೋಗಿತ್ತು. ಅಷ್ಟರಲ್ಲಿ ಶಿರಹಟ್ಟಿಯ ಬಸ್ಸು ಬಂತು, ಹೆಂಗಸರು ಎದ್ದರು.

"ಹಿಂಡೂಕಿಂತ ಮೊದಲ ದಿನಾ ಎಮ್ಮೀ ಕಾಲು ಮುಟ್ಟಿ ತಪ್ಪಾತು ಅಂತೀನಿ, ಅಮೀನಬಿ."

"ಅದಕ್ಕೇನು ತಿಳೀತೈತಿ?"

"ತಿಳೀದಂಗಿರಲಿ ಅಂತನ ದೇವರಿಗೆ ಬೇಡಕೋತೀನಿ."

ಇಬ್ಬರೂ ಬಸ್ಸು ಹತ್ತಿದರು.