ಒಂದು ತಾಸಿನ ಮಟ್ಟಿಗೆ

…ಬಳಿ ಒಡಿ ಅಂತ ಯಾರ ಹೇಳ್ಯಾರವಾ? ನಾ ಹಂಗ ಅಂದೆನ? ತಗಿ ಅಂದೆ, ಬರೇ ತಗಿ. ಸಬಕಾರ ಹಚ್ಚಿಕೊಂಡು ಒಂದೊಂದ ಸರಿಸಿ ತಗದು, ಅರಿವ್ಯಾಗ ಸುತ್ತಿ ಇಡು. ಶನಿವಾರ ಮುಂಜಾನೆ ಬಸ್ಸಿಗೆ ನವಲಗುಂದಕ್ಕ ಹೋಗೂಣು, ಸ್ಟೇಜ್ ಮ್ಯಾಲ ಹೊಲಿಗಿ ಮಷೀನ ತಗೊಳ್ಳೂಣು, ಸಂಜಿಗೆ ಹೊಳ್ಳಿ ತಿರ್ಲಾಪುರಕ್ಕ ಬರೂಣು. ಬಂದ ಕೂಡ್ಲೆ ಮತ್ತ ಇಟಗೋ. ಒಂದ ತಾಸಿನ ಮಾತು ಫಕೀರವ್ವಾ, ಒಂದ ತಾಸು.

ಬಾಗಲದ ಹಿಂದ ಅದೀಯೋ ಇಲ್ಲೋ?… ಹಾಂ, ಅದೀ. ಸಪ್ಪಳ ಕೇಳ್ತು.

ಹನ್ನೊಂದ ವರ್ಷ ಆತು ನೀ ನನ್ನ ತಮ್ಮನ ಹೆಂಡತಿ ಆಗಿ ಈ ಮನಿಗೆ ಬಂದು. ಭಾವನ ಮುಂದ ಒಂದ ದಿನಾ ಮಾತಾಡಿಲ್ಲ ನೀ. ಬಳಿ ಒಮ್ಮೆ ಅಲಗಿಸಿದಿ ಅಂದ್ರ ಹೌದು, ಎರಡ ಸಲ ಅಂದ್ರ ಅಲ್ಲ. ಅದಕಿಂತ ದೊಡ್ಡ ಮಾತಿದ್ರ ಅವ್ವನ ಕಡಿಂದ ಕೇಳಸತಿದ್ದಿ. ಅವ್ವ ಹೋದ ಮ್ಯಾಲ ಕಸ್ತೂರಿ ಕಡಿಂದ. ಇವತ್ತ ಕಸ್ತೂರಿ ಸಾಲ್ಯಾಗ ಅದಾಳ. ಮಗ್ಗಿ ಬರಿ ಅಂತ ಕುಂಡ್ರಿಸಿ ಬಂದೀನಿ, ನಿನ್ನೆ ಆದದ್ದಾತು, ಇನ್ನ ಮಗಳ ಎದುರಿಗೆ ಇಂಥಾ ಮಾತು ಬ್ಯಾಡ ಅಂತ. ಮಾಸ್ತರ ಆಗಿದ್ದಕ್ಕ ಅಷ್ಟರ ಅನುಕೂಲ ಐತಿ ನನಗ.

ಒಂದ ತಂಬಗಿ ನೀರ ಇಡವಾ ಹೊಸ್ತಲದಾಗ. ನಿನ್ನೆ ಹೋಗಿ ಬಂದಿದ್ದ ಬಸ್ಸಿನ ಧೂಳ ಇನ್ನೂ ಗಂಟಲದಾಗ ಕುಂತೈತಿ… ಹಾಂ. ಸಾಕು. ವಯಸ್ಸೇನ ಆಗಿಲ್ಲ ನನಗ, ಐವತ್ತಕ್ಕ ಇನ್ನೂ ಎರಡ ಕಡಿಮಿ. ಆದ್ರ ಈ ಮೂರ ವರ್ಷದಾಗ ಅಗದಿ ಸೋತ ಹೋಗೀನಿ. ಯಾತಕ್ಕ ಅಂತ ಕೇಳಬ್ಯಾಡ.

ನಿನ್ನೆ ಸಮಿತಿ ಕೂಡಿತ್ತು. ಜವಾನರ ಕುಟುಂಬಕ್ಕ ಸಹಾಯ ಮಾಡೂ ಸಮಿತಿ. ವತ್ಸಲಾಬಾಯಾರು ಅದಾರಲ್ಲ, ವಕೀಲರ ಮನಿಯವರು, ಅವರೇ ಅದಕ್ಕ ಅಧ್ಯಕ್ಷರು. ದಸರಾ ಮುಂದ ನಮ್ಮೂರಿಗೆ ಬಂದಿದ್ರು ನೋಡು, ದಾವೂದಸಾಬನ ಅಂಗಡ್ಯಾಗ ನೀ ಹೊಲಿಗಿ ಕಲಿಯಾಕತ್ತಿದ್ದು ಕಣ್ಣಾರೆ ನೋಡಿ ಹೋಗ್ಯಾರ. ನೋಡಿದ್ದೇ ತೊಡಕಾತು. ಹಣಿ ಮ್ಯಾಲ ಕುಂಕುಮ, ಕೈ ತುಂಬ ಹಸರ ಬಳಿ… ಮಷೀನ ಇರೂದು ತೀರಿಕೊಂಡವರ ಹೆಂಡರಿಗೆ ಅಂತ. ಶನಿವಾರ ಜವಾನರ ಧ್ವಜದ ದಿನ, ಸಾವಿರ ಮಂದಿ ಕೂಡಿರತಾರ, ಫೋಟೋ ತಗೀತಾರ. ಮುತ್ತೈದಿನ ತಂದ ನಿಲ್ಲಿಸಿ ವೀರಯೋಧನ ವಿಧವಾ ಅಂತ ಹೆಸರ ಕರದ್ರ ಜನಾ ಏನಂದಾರು, ಮುಂದಿನ ವರ್ಷ ಯಾರು ರೊಕ್ಕಾ ಕೊಟ್ಟಾರು ಅಂತ ಅವರು ಕೇಳಿದ್ರು. ತಪ್ಪೇನು ಅವರದು? ಪಾಪ, ಛಲೋ ಹೆಣಮಗಳು. ಮನಿ ಮನಿ ಅಡ್ಡ್ಯಾಡಿ ಡಬ್ಬಿ ಅಲಗಿಸಿ ಕೂಡಿಸ್ಯಾರ.

ಅದಕ್ಕ ನಾ ಅಂದೆ, ಆಕಿನ ಹಂಗ ಕರಕೊಂಡ ಬರತೀನ್ರಿ, ಚಿಂತಿ ಬಿಡ್ರಿ ಅಂತ.

ವೇಷ ಅಂತ ತಿಳಕೋ. ಸಣ್ಣಾಟದಾಗ ನಮ್ಮ ಗುಡದಪ್ಪ ಹೆಣ್ಣಿನ ವೇಷಾ ಹಾಕಿರಲಿಲ್ಲೇನು? ನಿಮ್ಮ ಲಗ್ನ ಆದ ವರ್ಷ? ಮೀಸಿ ಬೋಳಿಸಿ, ಅವ್ವನ ಇಳಕಲ್ ಸೀರಿ ಉಟ್ಟು, ಎದಿಗೆ ಎರಡ ಮೂಸಂಬಿ ಕಟ್ಟಿಕೊಂಡು… ನಡಕ ಒಂದು ಜಾರಿ ಬಿತ್ತಲ್ಲ, ಅದನ್ನ ಸುಲದು ಎಲ್ಲಾರ ಎದುರಿಗೆ ತಿಂದಬಿಟ್ಟ. ಮಂದಿ ಹೊಟ್ಟಿ ಹಿಡಕೊಂಡ…

ಯಾಕ ನಗತಿ? ನಕ್ಕಿ, ಕೇಳ್ತು ನನಗ. ನಗು, ಏನಾತು. ಅಂವ ಇದ್ದಾಗ ಇದ ಮನ್ಯಾಗ ನಗಿ ಬಿಟ್ರ ಮತ್ತೇನಿತ್ತು. ದಂಡಿಗೆ ಸೇರಬ್ಯಾಡಪಾ, ಎರಿ ಹೊಲಾ ಐತಿ, ನಾ ಅದೀನಿ ಅಂದ್ರ, ಅಣ್ಣಾ ನೀ ಸಾಲ್ಯಾಗ ಹುಡುಗರಿಗೆ ದೇಶದ ನಕಾಶಾ ತೋರಿಸ್ತಿ, ನಾ ಅದರ ಅಂಚಿಗೆ ಹೋಗಿ ನಿಂತ ಬರತೀನಿ ಅಂದ. ಹಂಗ ಮಾತಾಡಾಂವ. ಅವನ ಮುಂದ ಯಾವತ್ತೂ ಬಾಯಿ ಮುಚ್ಚಿದವನ ನಾ.

ಹೋಗ್ಲಿ. ವೇಷ ಹಾಕಿದ್ನೋ ಇಲ್ಲೋ? ಮರುದಿನ ಮೀಸಿ ಬಿಡಾಕ ಸುರು ಮಾಡಿದ್ನೋ ಇಲ್ಲೋ? ಅಷ್ಟೇ ಇದು. ತಾಳಿ ತಗೀಬ್ಯಾಡ, ತಾಳಿ ಸೆರಗಿನ ಒಳಗ ಇರಲಿ. ಕುಂಕುಮಾ ಒರಸು, ಕೈ ಬರಿದು ಮಾಡು. ಮಷೀನ ಬಂತಂದ್ರ ಮಂದಿ ಹೊಲದಾಗ ಹತ್ತಿ ಬಿಡಸೂದು ತಪ್ಪತೈತಿ. ನಿನ್ನ ಕೈಯಾಗ ಹೊಲಿಗಿ ಕುಂತೈತಿ ಅಂತ ದಾವೂದಸಾಬನ ಹೆಂಡತಿ ಜುಲೇಖಾಬಿನೇ ಹೇಳ್ಯಾಳ, ಆಕಿ ಅಷ್ಟ ಸಸಾರ ಯಾರನ್ನೂ ಹೊಗಳೂದಿಲ್ಲ. ಗಂಡನ ಮಷೀನ ಮ್ಯಾಲ ನಿನಗ ಕಲಿಸ್ಯಾಳ, ಒಂದ ದಮಡಿ ಮುಟ್ಟಿಲ್ಲ. ಊರಾಗಿನ ಕುಬಸ ಎಲ್ಲಾ ನಿನ್ನ ಕಡೆ ಬಂದಾವು. ಕಸ್ತೂರಿ ನವಲಗುಂದದ ಹಾಯಸ್ಕೂಲ ಮೆಟ್ಟಲಾ ಹತ್ತ್ಯಾಳು.

ಏನು?… ಎರಡ ಸಲ.

ಗೊತ್ತೈತಿ ನೀ ಏನಂತಿ. ನಿನ್ನೆ ಸಂಜಿಗೆ ಕಸ್ತೂರಿ ಬಂದು ಒಪ್ಪಿಸಿದ್ಲು, ಕಲಿತ ಪದ್ಯ ಒಪ್ಪಿಸಿಧಂಗ. ‘ದೊಡ್ಡಪ್ಪಾ, ಅಪ್ಪನ ಪಗಾರ ತಿಂಗಳಾ ಬರತೈತಿ, ಪಗಾರ ಬರೂತನಕ ಅಪ್ಪ ಅದಾನ, ಇದ್ದ ಗಂಡನ ಹೆಸರಿಲೆ ಕೈ ಹ್ಯಾಂಗ ಬರಿದು ಮಾಡಲಿ ಅಂತ ಅವ್ವ ಕೇಳ್ಯಾಳ.’ ಖರೇ ಐತಿ. ನಾನೇ ಹೇಳಿದ ಮಾತದು. ಸತ್ತವರಿಗೆ ಯಾವ ಸರಕಾರ ಪಗಾರ ಕೊಡತೈತಿ? ಅಂದ ಮ್ಯಾಲ… ಅಂದ ಮ್ಯಾಲ ಸುಳ್ಳಾಡಾಕ ಯಾಕ ಅಂಜತಿ? ಸುಳ್ಳ ಇದ್ದದ್ದಕ್ಕೇ ನಡೀತೈತಿ ಅಂತೀನಿ ನಾ.

ಅರ್ಜಿಯೊಳಗ ಎರಡ ಖಾನೆ ಅಷ್ಟ ಇದ್ವು ತಂಗಿ. ಗಾಯ ಆದವರದೊಂದು, ತೀರಿಕೊಂಡವರದೊಂದು. ಪತ್ತೆ ಇಲ್ಲದವರಿಗೆ ಅಂತ ಜಾಗಾನೇ ಬಿಟ್ಟಿರಲಿಲ್ಲ. ನಾ ಎರಡನೇದರಾಗ ಬರದೆ. ನಿನ್ನ ಹೆಬ್ಬೆಟ್ಟ ಒತ್ತಿಸಿದೆ. ಅವರೂ ಮ್ಯಾಲಿಂದ ಕಾಗದಾ ತರಿಸಿ ತಾಳೆ ನೋಡಿದ್ರು, ಸರಿ ಐತಿ ಅಂದ್ರು, ಮಂಜೂರ…

ಹಾಂ?… ಬಳಿ ಯಾಕ ಅಲಗಿಸಿದಿ? ಯಾವ ಕಾಗದಾ ಅಂದ್ರ… ದಂಡಿನ ಕಾಗದಾ. ಅಂದ್ರ, ಪತ್ತೆ ಇಲ್ಲ ಅಂತ ಮೊದಲ ಬಂದಿತ್ತಲ್ಲ, ಅದು. ಅವ್ವನ ಮುಂದ ಓದಿ ಹೇಳಿದ್ನಲ್ಲ, ಅದೇ. ಸರಿ ಐತಿ ಅಂದ್ರ ಹೆಸರು, ನಂಬರು, ಊರು ಸರಿ ಐತಿ ಅಂತ. ನೀ ಒಂದು, ಎಳಿ ಸಿಕ್ರ ಸೀರಿನೇ ಬಿಚ್ಚತಿ.

ಫಕೀರವ್ವಾ?

ಒಳಗ ಹೋದಿಯೇನು? ಸಿಟ್ಟಾದಿ? ಸಿಟ್ಟಾಗಬ್ಯಾಡ. ಬ್ಯಾಡಂದ್ರ ಬ್ಯಾಡ ಬಿಡು, ಬೇರೆ ಯಾರಿಗರ ಕೊಡ್ರಿ ಅಂತ ಬರದ ಕಳಸತೀನಿ…

ನೀರಿನ ಸಪ್ಪಳಾ. ಬಚ್ಚಲದಾಗ ಅದೀ. ಸಬಕಾರ ತಗೊಂಡಿ? ಹಾಂ… ಶಾಣ್ಯಾಕಿ. ಸಾವಕಾಶ ತಗಿ, ಗಾಜಿನವು. ಒಂದ ಬಳಿ ಸೀಳಿದ್ರೂ ‘ಹೆಚ್ಚಿತು’ ಅನ್ನತಿದ್ಲು ಅವ್ವ, ‘ಒಡೀತು’ ಅನ್ನಗೊಡತಿರಲಿಲ್ಲ. ಅಷ್ಟ ಅಂಜಿಕಿ ಆ ಮಾತಿಗೆ. ಅವಸರಾ ಏನಿಲ್ಲ, ಶನಿವಾರಕ್ಕ ಇನ್ನೂ ಎರಡ ದಿನಾ ಐತಿ. ಇವತ್ತ ಯಾಕ ತಗೀತಿ? ನಾಳೆ ತಗದ್ರೂ…

ಈ ಪಂಚಮಿಗೆ ಹೆಣಮಕ್ಕಳೆಲ್ಲಾ ನಿನ್ನ ಕುಂಡ್ರಿಸಿ ಉಡಿ ತುಂಬಿದ್ರಲ್ಲ, ನಾ ಎದ್ದ ಹೊರಗ ಹೋದೆ. ನೀ ನೋಡೀದಿ? ಬೀಡಿ ಸೇದಾಕ ಹೋದೆ ಅಂತ ಅಂದಕೊಂಡಿರಬೇಕು. ಹ್ವಾದ ವರ್ಷನೂ ಹೋದೆ. ಅದರ ಹಿಂದಿನ ವರ್ಷನೂ… ಏನೇನರ ಅನ್ನಾಕತ್ತೀನಿ ನಾ. ಬಿಸಲಾಗ ತಲಿ ತಿರಗಾಕತ್ತೈತಿ.

ಬಂದಿ? ಇದೇನು, ಹೊಸ್ತಲದಾಗ? ಓ, ಗಂಟ ಕಟ್ಟಿಟ್ಟಿ. ಅಂವ ರಜೆಗೆ ಬಂದಾಗ ತಂದಿದ್ದ ಹಳದಿ ರುಮಾಲು. ಛಲೋ ಆತು. ಒಯ್ದು ಗ್ವಾಡಿ ಮಾಡದಾಗ ಇಡು, ದೇವರ ಬಾಜೂಕ. ಶನಿವಾರ ಸಂಜಿಕ ಬಂದು…

ನನ್ನ ಕೈಗೆ ಯಾಕ ಕೊಡಾಕತ್ತಿ ಅದನ್ನ?

ನಾ ಇಟಗೊಂಡಿರಬೇಕು ಅಂತೇನು? ಹೊಳ್ಳಿ ಬಂದ ಮ್ಯಾಲ ನಾನೇ ತಿರಗಿ ಕೊಡಬೇಕು, ಹಂಗೇನು? ಮನಿಗೆ ಹಿರಿಯಾಂವಾ ನಾ, ನನ್ನ ಮಾತಿನ ಮ್ಯಾಲ ತಗದಿ, ನನ್ನ ಕೈಲೆ ಹೊಳ್ಳಿ ಇಸಗೊಳ್ಳೂದು… ನ್ಯಾಯ ಐತಿ. ನೀ ಹೇಳೂದು ನ್ಯಾಯ ಐತಿ.

ಮಾಡದಾಗ ಇಡವಾ. ನಾ ಎಲ್ಲರ ಮರತ ಇಟ್ಟೇನು. ಸಾಲ್ಯಾಗ, ಹುಡುಗರ ಕೈಯಾಗ ಬಿದ್ದಾವು. ಒಳಗ ಒಯ್ಯಿ.

ಅಲಗಿಸವಾ. ಹೌದು ಅನ್ನು, ಇಲ್ಲ ಅನ್ನು, ಏನರ ಅನ್ನು… ಹಾಂ. ಬಳಿ ಇಲ್ಲದ ಕೈ, ಯಾತರಿಲೆ ಅಂತಿ ನೀ. ಮರತೆ.

ಕೈ ಯಾಕ ನೀಡವಲ್ಲೆ ಅಂತ ನೋಡಾಕತ್ತಿ? ನೀಡತೀನಿ. ಇದೇನ ಕೆಂಡ ಅಲ್ಲಲ್ಲ. ಒಂದ ಗಂಟು. ನೀಡತೀನಿ ತಡಿ.

ಆಗವಲ್ದವಾ.

ಹೊರಗ ಬರಬ್ಯಾಡ. ಭಾವ ಅದೀನಿ ನಾ, ಸೆರಗ… ಸೆರಗ ಹೊಚಗೋ ಫಕೀರವ್ವಾ, ಹಾದ್ಯಾಗ ಯಾರರ ನೋಡ್ಯಾರು. ಹಿಂಗ ನಿಂದ್ರಬ್ಯಾಡ ನನ್ನ ಎದರಿಗೆ. ಹನ್ನೊಂದ ವರ್ಷದಾಗ ನಿನ್ನ ಮಾರಿ ಇವತ್ತ ನೋಡಾಕತ್ತೀನಿ ನಾ. ಕಣ್ಣ ತಗಿ. ನಿನ್ನ ಕಾಲ ಬೀಳತೀನಿ, ಕಣ್ಣ ತಗಿಯವಾ.

ಹೌದು.

ಹೌದು ಫಕೀರವ್ವಾ, ಎರಡನೇ ಪತ್ರ ಬಂದಿತ್ತು. ಹೋಳಿ ಹುಣ್ಣಿವಿಗೆ ಮೂರ ದಿನಾ ಮೊದಲ. ಟಪಾಲಿನಾಂವಾ ಸಾಲಿಗೇ ತಂದ ಕೊಟ್ಟ. ಪತ್ತೆ ಇಲ್ಲ ಅಂತ ಬರದದ್ದಲ್ಲ ಅದು. ಅವನ ಜೊತಿ ಇದ್ದ ಇಬ್ಬರು ಕಣ್ಣಾರೆ ನೋಡ್ಯಾರ, ಅಲ್ಲೇ ಮಣ್ಣ ಮಾಡ್ಯಾರ. ಬೇವಿನ ಗಿಡದ ಬುಡಕ ನಿಂತ ಮೂರ ಸಲ ಓದಿದೆ. ಒಳಗ ಹುಡುಗರು ಮಗ್ಗಿ ಒದರಾಕತ್ತಿದ್ರು.

ಸಾವಿನ ಪತ್ರಾ ಹೊಸ್ತಲಾ ದಾಟಬಾರದು ಅಂತಾರಲ್ಲ ನಮ್ಮೊಳಗ, ಹೊರಗ ಓದಿ ಹೊರಗ ಹರೀಬೇಕು ಅಂತ… ಹಳ್ಳದ ದಂಡಿಗೆ ಹೋಗಿ ಹರದ ಒಗದೆ. ಮನಿಗೆ ಬಂದೆ. ಅವ್ವ ಹಾಸಿಗಿ ಹಿಡದಿದ್ಲು, ಡಾಕ್ಟರ ಇಂದೋ ನಾಳೆ ಅಂದಿದ್ದ. ನೀ ಆಕಿಗೆ ಗಂಜಿ ಕುಡಸಾಕತ್ತಿದ್ದಿ. ಅವ್ವ ಹೋದ ಮ್ಯಾಲ ಹೇಳಿದ್ರಾತು ಅಂದೆ. ಅವ್ವ ಹೋದ್ಲು. ಕಸ್ತೂರಿಗೆ ಗೊಬ್ಬರ ಎದ್ದು ಮೈತುಂಬ ಗುಳ್ಳಿ, ಜ್ವರಾ, ಆಕಿಗೆ ಆರಾಮ ಆಗಲಿ ಅಂದೆ. ಆರಾಮ ಆತು. ಆಮ್ಯಾಲ ನೆವಾ ಸಿಗಲಿಲ್ಲ, ಬಾಯಿನೂ ಬರಲಿಲ್ಲ. ಪಗಾರ ಅಲ್ಲವಾ ಅದು, ಪಿಂಚಣಿ. ನಿನಗ ಬರೂದು. ತಿಂಗಳಾ ತಿಂಗಳಾ ನಿನ್ನ ಹೆಬ್ಬೆಟ್ಟ ನಾನೇ ಹಿಡದ ಒತ್ತಸತಿದ್ದೆ, ಮಸಿ ನಾನೇ ಒರಸತಿದ್ದೆ.

ವತ್ಸಲಾಬಾಯಾರು ಕೇಳಿದ್ದು, ಮಂದಿ ಏನಂದಾರು ಅಂತ ಅಲ್ಲ. ಆ ಮಾತು ನಂದು. ಅವರು ನನ್ನ ಒಂದ ಕಡೆ ಕರದು, ‘ಮಾಸ್ತರ್ರ, ಆ ಹೆಣಮಗಳಿಗೆ ನೀವಿನ್ನೂ ಹೇಳಿಲ್ಲೇನ್ರಿ?’ ಅಂದ್ರು. ಅಷ್ಟೇ ಅಂದ್ರು. ಹಾದಿ ತುಂಬ ವಿಚಾರ ಮಾಡಿದೆ. ಸುಳ್ಳ ಅಂತ ಹೇಳಿ ಒಂದ ತಾಸು ಕೈ ಬರಿದು ಮಾಡಿಸಿದ್ರ, ಖರೇ ಹೇಳೂದು ತಪ್ಪೀತು ಅಂತ… ಇಂಥಾ ಬುದ್ಧಿ ನನಗೇ ಹೊಳೀಬೇಕು.

ಗಂಟ ಇಸಗೊಂಡ್ರ ಹೊಳ್ಳಿ ಕೊಡಬೇಕಾಗತಿತ್ತು. ಅದಕ್ಕ ನೀಡಲಿಲ್ಲ ಕೈ.

ಏನರ ಅನ್ನವಾ. ಬೈಯಿ. ಈಗರ ಬಾಯಿ ತಗದ ಬೈಯಿ ನನ್ನ, ಭಾವ ಅಂತ ನೋಡಬ್ಯಾಡ…

ಅವತ್ತ ಹೇಳಿದ್ರ ಊರಾಗಿನ ಹೆಣಮಕ್ಕಳು ಬಂದು ನಿನ್ನ ಸುತ್ತ ಕುಂಡ್ರತಿದ್ರು. ಜುಲೇಖಾಬಿ ನಿನ್ನ ತಲಿ ತನ್ನ ತೊಡಿ ಮ್ಯಾಲ ಇಟಗೊತಿದ್ಲು. ನಿಮ್ಮವ್ವ ಬರತಿದ್ಲು ಕಲಘಟಗಿಯಿಂದ. ನಾ ಯಾರನ್ನೂ ಬರಗೊಡಲಿಲ್ಲ. ಅರ್ಜಿ ಬರದೆ, ಸಮಿತಿಗೆ ಅಡ್ಡ್ಯಾಡಿದೆ, ಹೊಲಿಗಿ ಕಲಿಯಾಕ ಹಚ್ಚಿದೆ, ಮಷೀನ ಮಂಜೂರ ಮಾಡಿಸಿದೆ. ತಮ್ಮನ ಹೆಂಡತಿಗೆ ಏನೂ ಕಡಿಮಿ ಮಾಡಿಲ್ಲ ಮಾಸ್ತರ ಅಂತ ಊರಾಗ ಹೆಸರ ತಗೊಂಡೆ.

ಎಲ್ಲಾ ಕೊಡಿಸಿದೆ ನಿನಗ. ಮೂರ ವರ್ಷ, ಅಳೂದೊಂದ ಕೊಡಲಿಲ್ಲ.