ಗುಲ್ಜಾರನ ಕೊರಳಿಗೆ ನಾನೇ ಗೆಜ್ಜೆ ಕಟ್ಟಿದೆ

ಹೆಸರು ಪೀರ್ ಬಾಷಾ ಬಿನ್ ಅಲ್ಲಾಬಕ್ಷ್, ವಯಸ್ಸು ಐವತ್ತೆರಡು, ಕಸುಬು ಬೀಜದ ಕುದುರೆ ಸಾಕುವುದು, ವಾಸ ಶಿವಮೊಗ್ಗ, ರಾಗಿಗುಡ್ಡದ ಕೆಳಗೆ.

ಇಂದು ಬೆಳಿಗ್ಗೆ ಎಂಟೂವರೆಗೆ ಭದ್ರಾವತಿ ಠಾಣೆಗೆ ನಾನಾಗಿಯೇ ಬಂದು ದಫೇದಾರರ ಮುಂದೆ ತಿಳಿಸುವುದೇನೆಂದರೆ, ಓಲ್ಡ್ ಟೌನಿನಲ್ಲಿ ಜಟಕಾ ಹೊಡೆಯುವ ಭೂತಪ್ಪನ ಮೇಲೆ ನಿನ್ನೆ ಸಂಜೆ ನಾನು ಕೊಟ್ಟ ದೂರು ಸುಳ್ಳು. ಅವನು ಬೇಕೆಂದೇ ತನ್ನ ಹೆಣ್ಣು ಕುದುರೆಯನ್ನು ಬಿಚ್ಚಿಬಿಟ್ಟು ನನ್ನ ಗುಲ್ಜಾರನ ಕಾಲು ಮುರಿಸಿದ ಎಂದು ಹೇಳಿದ್ದೆ. ಆ ಮಾತಿನ ಮೇಲೆ ಅವನು ಈಗ ಲಾಕಪ್ಪಿನಲ್ಲಿದ್ದಾನೆ. ನಡೆದದ್ದು ಬೇರೆ.

ಗುಲ್ಜಾರನಿಗೆ ಒಂಬತ್ತು ವರ್ಷ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಜಟಕಾ ಎಳೆಯುವ ಕುದುರೆಗಳಲ್ಲಿ ಅರ್ಧಕ್ಕರ್ಧ ಅವನ ಮಕ್ಕಳು. ಇದನ್ನು ಹೆಮ್ಮೆಗೆಂದೇ ಹೇಳುತ್ತಿದ್ದೇನೆ, ಬರೆದುಕೊಳ್ಳಿ. ಹೆಣ್ಣು ಕುದುರೆಯ ಹತ್ತಿರ ಕರೆದೊಯ್ಯುವ ದಿನ ಮಾತ್ರ ಗಂಡಿನ ಕೊರಳಿಗೆ ಗೆಜ್ಜೆಪಟ್ಟಿ ಕಟ್ಟುವುದು ನಮ್ಮ ತಂದೆಯ ಕಾಲದಿಂದ ಬಂದ ಪದ್ಧತಿ. ನೀರಿಗೆ, ಮೇವಿಗೆ, ಸವಾರಿಗೆ ಬರೀ ಹಗ್ಗ. ಗೆಜ್ಜೆ ಕೇಳಿದರೆ ಏನೆಂದು ಗುಲ್ಜಾರನಿಗೆ ಗೊತ್ತು.

ನನ್ನ ಹೆಂಡತಿ ಜೈನಾಬಿಯ ತಮ್ಮನ ಮಗನ ಮದುವೆ ನಿನ್ನೆ ಓಲ್ಡ್ ಟೌನಿನಲ್ಲಿ ಇತ್ತು. ಮದುಮಗನನ್ನು ಗುಲ್ಜಾರನ ಮೇಲೆ ಕೂರಿಸಬೇಕೆಂದು ಕೇಳಿದ್ದರು. ಬೆಳಿಗ್ಗೆ ಆರಕ್ಕೆ ಶಿವಮೊಗ್ಗ ಬಿಟ್ಟು, ಹನ್ನೊಂದು ಮೈಲಿ ನಡೆಸಿಕೊಂಡು ಹತ್ತೂವರೆಗೆ ಬಂದೆ. ಇಂದು ಇಲ್ಲಿಯೇ ಒಂದು ಹೆಣ್ಣು ಕುದುರೆಗೆ ಬಿಡುವುದಿದ್ದುದರಿಂದ ಗೆಜ್ಜೆಪಟ್ಟಿ ಚೀಲದಲ್ಲಿತ್ತು.

ಮಧ್ಯಾಹ್ನ ಮೂರೂವರೆಗೆ ಮೆರವಣಿಗೆ ಹೊರಡುವಾಗ ಮದುಮಗನ ತಾಯಿ ಅಖ್ತರ್ ಬೀ ಗುಲ್ಜಾರನನ್ನು ನೋಡಿ, ಏನು ಭಾಯ್, ಮದುವೆ ಕುದುರೇನ ಹೊಳೆಗೆ ನೀರು ಕುಡಿಸೋಕೆ ಹೊಡ್ಕೊಂಡು ಹೋಗೋ ಹಾಗೆ ತಂದಿದ್ದೀರಲ್ಲ ಎಂದು ಛೇಡಿಸಿದರು. ಹೆಂಗಸರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಚೀಲದಿಂದ ಗೆಜ್ಜೆಪಟ್ಟಿ ತೆಗೆದು ನಾನೇ ಕಟ್ಟಿದೆ. ಮೂವತ್ತು ವರ್ಷದ ಕಸುಬಿನಲ್ಲಿ ಹಾಗೆ ಮಾಡಿರಲಿಲ್ಲ. ಗುಲ್ಜಾರ್ ಕತ್ತು ಎತ್ತಿ ನಿಂತ. ಆಮೇಲೆ ಯಾರೂ ನಗಲಿಲ್ಲ.

ನಾಲ್ಕು ಇಪ್ಪತ್ತಕ್ಕೆ ಹುಡುಗಿಯ ಮನೆ ಮುಂದೆ ಮದುಮಗ ಇಳಿದ. ಅಲ್ಲಿಂದ ಐವತ್ತು ಗಜ ದೂರದಲ್ಲಿ ಜಟಕಾ ಸ್ಟ್ಯಾಂಡು. ಭೂತಪ್ಪ ತನ್ನ ಕುದುರೆ ಗೌರಿಯನ್ನು ಗಾಡಿಯಿಂದ ಬಿಚ್ಚಿ ಬೇವಿನ ಮರಕ್ಕೆ ಕಟ್ಟಿದ್ದ, ಅದು ಹುಲ್ಲು ತಿನ್ನುತ್ತಿತ್ತು. ಕಟ್ಟಿತ್ತು, ಬಿಚ್ಚಿಬಿಟ್ಟಿರಲಿಲ್ಲ. ಗುಲ್ಜಾರ್ ಅದನ್ನು ಕಂಡು ಕೆನೆದ. ಭೂತಪ್ಪ ಎದ್ದು ನಿಂತು, ಸಾಬ್ರೇ, ನಮ್ದು ಗಬ್ಬ ಇದೆ, ಹತ್ರ ಬಿಡಬೇಡಿ, ಒದ್ದುಬಿಡ್ತದೆ ಮಾರಾಯ್ರೆ ಎಂದು ಕೂಗಿದ. ಆ ಮಾತು ನನಗೆ ಚೆನ್ನಾಗಿ ಕೇಳಿಸಿತು. ಗಬ್ಬದ ಕುದುರೆ ಗಂಡನ್ನು ಸೇರಿಸುವುದಿಲ್ಲ ಎಂಬುದು ನನಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಆದರೂ ಗುಲ್ಜಾರ್ ಕುಣಿಯುವುದನ್ನು ನಾಲ್ಕು ಜನ ನೋಡಲಿ ಎಂದು ಹಗ್ಗವನ್ನು ಒಂದು ಮಾರು ಸಡಿಲ ಬಿಟ್ಟೆ. ಹಗ್ಗ ಕೈಯಿಂದ ಜಾರಿತು.

ಭೂತಪ್ಪ ಟವೆಲ್ ಬೀಸುತ್ತಾ ಎರಡರ ನಡುವೆ ಓಡಿ ಬಂದ. ಗುಲ್ಜಾರ್ ಅವನನ್ನು ತಳ್ಳಿಕೊಂಡೇ ಹೋದ. ಗೌರಿ ಹಿಂಗಾಲೆರಡನ್ನೂ ಎತ್ತಿ ಒಂದೇ ಸಲ ಒದೆಯಿತು. ಗುಲ್ಜಾರನ ಎಡ ಮುಂಗಾಲು ಮಂಡಿಯ ಮೇಲೆ ಮುರಿದು ಎಲುಬು ಹೊರಗೆ ಬಂತು.

ದನದ ಡಾಕ್ಟರು ಐದು ಹತ್ತಕ್ಕೆ ಬಂದರು. ಇಂಥ ಕಾಲು ಕೂಡುವುದಿಲ್ಲ, ನರಳಿಸಬಾರದು ಎಂದರು. ನಾನು ತಲೆ ಆಡಿಸಿದೆನಂತೆ, ನನಗೆ ನೆನಪಿಲ್ಲ. ಗುಲ್ಜಾರ್ ಮೂರು ಕಾಲಿನ ಮೇಲೆ ನಿಂತಿದ್ದ. ನೊಣಕ್ಕೆ ತಲೆ ಕೊಡವಿದಾಗ ಗೆಜ್ಜೆ ಸದ್ದಾಯಿತು. ಅದನ್ನು ಕೇಳಿ ಕಿವಿ ನೆಟ್ಟಗೆ ಮಾಡಿ ಮತ್ತೆ ಗೌರಿಯ ಕಡೆಗೇ ಹೆಜ್ಜೆ ಇಡಲು ನೋಡಿದ. ನಾನು ಪಟ್ಟಿ ಬಿಚ್ಚಿದೆ. ಐದು ಇಪ್ಪತ್ತೈದಕ್ಕೆ ಡಾಕ್ಟರು ಗುಂಡು ಹಾರಿಸಿದರು.

ಅಲ್ಲಿಂದ ನೇರ ಇಲ್ಲಿಗೆ ಬಂದು ಸುಳ್ಳು ಬರೆಸಿದೆ. ದಫೇದಾರರು ಕರೆಸಿದ್ದರಿಂದ ಭೂತಪ್ಪ ಎದುರಿಗೇ ಇದ್ದ. ಅವನ ಭುಜ ಊದಿತ್ತು. ಎಂಥ ಕುದುರೆ ಹೋಯ್ತಲ್ಲ ಸಾಬ್ರೇ ಎಂದ.

ಇಂದು ಬೆಳಿಗ್ಗೆ ಏಳಕ್ಕೆ ಭೂತಪ್ಪನ ಹೆಂಡತಿ ಪುಷ್ಪಮ್ಮ ಮದುವೆ ಮನೆಗೆ ಬಂದಳು. ಜಗಳಕ್ಕೆಂದು ತಿಳಿದು ನಾನು ಎದ್ದು ನಿಂತೆ. ಗೌರಿ ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ, ನಡುಗ್ತಾ ಇದೆ, ಗಬ್ಬಕ್ಕೆ ಏನಾದ್ರೂ ಆದೀತಾ, ಅವರೂ ಮನೇಲಿಲ್ಲ, ಕುದುರೆ ವಿಷಯ ನಿಮ್ಮನ್ನ ಬಿಟ್ರೆ ಇನ್ಯಾರನ್ನ ಕೇಳ್ಲಿ ಅಣ್ಣ ಎಂದಳು. ಅವಳ ಜೊತೆ ಹೋದೆ. ಗೌರಿಗೆ ಎಂಟು ತಿಂಗಳು. ಹೊಟ್ಟೆಯ ಮೇಲೆ ಕೈ ಇಟ್ಟೆ. ಒಳಗೆ ಮರಿ ಹೊರಳಿತು. ಎಂಟು ತಿಂಗಳ ಹಿಂದೆ ಗಂಡು ಬಿಟ್ಟವನು ನಾನೇ, ಅದು ಗುಲ್ಜಾರನದು. ಪುಷ್ಪಮ್ಮನ ಮುಂದೆಯೇ ಅತ್ತೆ.

ನಾನು ಹುಲ್ಲು ಹಿಡಿದರೆ ಗೌರಿ ಮುಖ ತಿರುಗಿಸಿತು. ಅದು ಭೂತಪ್ಪನ ಕೈಯಿಂದ ಮಾತ್ರ ತಿನ್ನುತ್ತದೆ. ಅವನನ್ನು ಈಗಲೇ ಬಿಡಬೇಕು. ಸುಳ್ಳು ದೂರಿಗೆ ಶಿಕ್ಷೆ ಇದ್ದರೆ ನನಗೆ ಆಗಲಿ.

ದಫೇದಾರರು ಇದನ್ನು ಎರಡು ಸಲ ಓದಿ ಹೇಳಿದರು. ನಿನ್ನೆಯ ಮಾತು ಸುಳ್ಳು, ಇಂದಿನದು ನಿಜ.

ಸ್ಥಳ: ಭದ್ರಾವತಿ
ತಾರೀಖು: 13 ಡಿಸೆಂಬರ್ 1937
ಪೀರ್ ಬಾಷಾ, ಎಡಗೈ ಹೆಬ್ಬೆಟ್ಟಿನ ಗುರುತು